ಅರವತ್ತು ಲೋಟದ ಸಭೆ

ನಮ್ಮೂರ ತೆಂಗು ಬೆಳೆಗಾರರ ಸಂಘದ ಗುಮಾಸ್ತ ಗಂಗಾಧರಯ್ಯನವರಿಗೆ ಒಂದು ಕೆಟ್ಟ ಚಾಳಿ ಇತ್ತು. ಕಂಡದ್ದನ್ನು ಕಂಡ ಹಾಗೇ ಬರೆಯುತ್ತಿದ್ದರು. ಇಂಥವರು ನಮ್ಮಂಥ ಊರಿಗೆ ಆಗಿಬರುವುದಿಲ್ಲ.

ಎಪ್ಪತ್ತೆಂಟರಲ್ಲಿ ತಿಪಟೂರಿನ ಸಹಕಾರ ಇಲಾಖೆಯಿಂದ ಕಾಗದ ಬಂತು. ವಾರ್ಷಿಕ ಸಭೆಗೆ ನೂರ ನಲವತ್ತು ಸದಸ್ಯರೂ ಹಾಜರೆಂದು ವರದಿ ಮಾಡಿದ್ದೀರಿ, ಗೊಬ್ಬರ ಒಯ್ದವರು ಅರವತ್ತೇ ಜನ, ಕಾರಣ ತಿಳಿಸಿ ಎಂದಿತ್ತು.

“ಏನಾರ ಗೀಚಿ ಕಳ್ಸ್ರೀ,” ಅಂದರು ಅಧ್ಯಕ್ಷ ತೋಂಟದಾರ್ಯ.

ಗಂಗಾಧರಯ್ಯ ಗೀಚಲಿಲ್ಲ. ಸಭೆಗೆ ಕಾಫಿ ಕಾಯಿಸಿದ್ದ ಕೆಂಚಪ್ಪನನ್ನು ಕೇಳಿದರು. ಹಂಚಿದ್ದು ಅರವತ್ತು ಲೋಟ. ಆಮೇಲೆ ಸದಸ್ಯರ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಮನೆ ಅಲೆದರು. ರೋಗದ ಮೂಲ ಸಿಕ್ಕಿತು. ನಮ್ಮಲ್ಲಿ ಹಿರಿಯರು ತೀರಿಕೊಂಡರೂ ಅವರ ಹೆಸರು ಪುಸ್ತಕದಿಂದ ಹೊಡೆದುಹಾಕುವುದು ಅಪಶಕುನ. ಸಭೆಯಲ್ಲಿ ಹೆಸರು ಕೂಗಿದರೆ ಮನೆಯ ಗಂಡಸೊಬ್ಬ ಎದ್ದು “ಹಾಜರ್” ಅನ್ನಬೇಕು. ನಾನೂ ನಮ್ಮಪ್ಪನ ಪರವಾಗಿ ಒಂಬತ್ತು ವರ್ಷ ಅಂದಿದ್ದೆ.

ನಿಂಗಮ್ಮ ಒಬ್ಬಳೇ ಬೇರೆ ಮಾತಾಡಿದಳು. ತೀರಿಹೋದ ಅವಳ ಗಂಡನ ಹೆಸರಿಗೆ ಮೈದುನ ಹಾಜರ್ ಅನ್ನುತ್ತಿದ್ದ, ಆ ಪಾಲಿನ ಗೊಬ್ಬರವನ್ನೂ ತನ್ನದರ ಜೊತೆ ಅವನೇ ಹೊರುತ್ತಿದ್ದ. “ಹೊಡೆದಾಕಪ್ಪ ಅವರ ಹೆಸ್ರು. ನಂದು ಬರ್ಕೊ. ತೋಟಕ್ಕೆ ನೀರು ಕಟ್ಟೋಳು ನಾನು.”

ಗಂಗಾಧರಯ್ಯ ಬದುಕಿದ್ದವರ ಪಟ್ಟಿ ಮಾಡಿ, ಕೊನೆಯಲ್ಲಿ ನಿಂಗಮ್ಮನನ್ನೂ ಸೇರಿಸಿ, ಸಭೆಯ ಮುಂದಿಟ್ಟರು. ಸತ್ತವರ ಕೈಯಿಂದಲೇ ಪ್ರತಿ ಚುನಾವಣೆ ಗೆಲ್ಲುತ್ತಿದ್ದ ತೋಂಟದಾರ್ಯ ಎದ್ದು ನಿಂತರು.

“ನಮ್ಮ ಹಿರೀಕರನ್ನ ಇನ್ನೊಂದ್ಸಲ ಸಾಯಿಸ್ತಾವ್ನೆ ಕಣ್ರಪ್ಪ. ಇವನು ಬ್ಯಾಡ ಅನ್ನೋರು ಕೈ ಎತ್ತಿ.”

ನಾನು ಎರಡು ಸಲ ಎತ್ತಿದೆ, ಒಂದು ಅಪ್ಪನದು. ಪಟ್ಟಿ ಹರಿದುಹಾಕಿದರು, ಗಂಗಾಧರಯ್ಯನವರ ಕೆಲಸ ಹೋಯಿತು. ನನ್ನ ಅಕ್ಷರ ದುಂಡಗಿತ್ತು ಅಂತ ಗುಮಾಸ್ತಿಕೆ ನನಗೇ ಬಂತು. ನಾಚಿಕೆಯಾಯಿತು, ಆದರೆ ಬೇಡ ಅನ್ನಲಿಲ್ಲ.

ಗಂಗಾಧರಯ್ಯ ಆಮೇಲೂ ಸದಸ್ಯರಾಗಿ ಪ್ರತಿ ವರ್ಷ ಸಭೆಗೆ ಬರುತ್ತಿದ್ದರು. ಅವರ ಅಪ್ಪನ ಹೆಸರು ಕೂಗಿದಾಗ “ತೀರಿಕೊಂಡಿದ್ದಾರೆ” ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಹಾಜರ್ ಅಂತಲೇ ಬರೆದುಕೊಳ್ಳುತ್ತಿದ್ದೆ.

ಎಂಬತ್ತೈದರ ಬೇಸಿಗೆಯಲ್ಲಿ ಗಂಗಾಧರಯ್ಯ ತೀರಿಹೋದರು. ಆ ವರ್ಷದ ಸಭೆಯಲ್ಲಿ ಪುಸ್ತಕದಲ್ಲಿದ್ದ ಹಾಗೆ ಅವರ ಹೆಸರನ್ನೂ ಕೂಗಿದೆ. ಅವರ ಮಗ ಮಾಯಣ್ಣ ಎದ್ದ. ತೋಂಟದಾರ್ಯರ ಮುಖ ನೋಡಿದ.

“ಹಾಜರ್,” ಅಂದ.

ಗುರುತು ಹಾಕಿದೆ. ಒಳಗೆ ಬರುವ ಹಕ್ಕಿಲ್ಲದ ನಿಂಗಮ್ಮ ಎಂದಿನಂತೆ ಬಾಗಿಲಾಚೆ ಕೂತಿದ್ದಳು.

“ಅವರನ್ನೂ ಸಾಯಕ್ಕೆ ಬುಡಲಿಲ್ವಲ್ಲಪ್ಪ ನೀವು,” ಅಂದಳು.

ನಾನು ಮುಂದಿನ ಹೆಸರು ಕೂಗಿದೆ.