ಸೊಣ್ಣಮ್ಮ ಕೂಗದ ಮಂಡಿ

ಏ, ರಸ್ತೆ ಆಚೆ ಬಸ್ಸಿಗೆ ಕಾಯ್ತಿರೋರೇ, ಬಸ್ಸು ಹೇಗೂ ತಡ, ಸ್ವಲ್ಪ ಈ ಕಡೆ ಕಿವಿ ಕೊಡಿ. ನಮ್ಮ ಸೊಣ್ಣಮ್ಮನ ಸುದ್ದಿ ಇದು.

ಹೊಸಕೋಟೆಯ ಒಂದು ಎಕ್ಸ್‌ರೇ ಸೆಂಟರಿನ ಬಾಗಿಲಲ್ಲಿ ಹತ್ತೊಂಬತ್ತು ವರ್ಷದಿಂದ ಹೆಸರು ಕೂಗುವವರು ಸೊಣ್ಣಮ್ಮ. ಮೈಕು ಬೇಡದ ಗಂಟಲು. ಒಂದೇ ಬೆಳಗ್ಗೆ ಮೂವರು ಮುನಿಯಪ್ಪ, ನಾಲ್ವರು ಲಕ್ಷ್ಮಮ್ಮ ಬರುವ ಜಾಗ ಅದು. ಬರೀ ಹೆಸರು ಕೂಗಿದರೆ ಎಲ್ಲರೂ ಎದ್ದು ಬರುತ್ತಾರೆ. ಹಾಗಾಗಿ ಹೆಸರಿನ ಜೊತೆ ನೋವಿನ ಜಾಗವನ್ನೂ ಸೇರಿಸಿ ಕೂಗುತ್ತಾರೆ: "ಲಕ್ಷ್ಮಮ್ಮ, ಮೊಣಕೈ." "ಮುನಿಯಪ್ಪ, ಸೊಂಟ." ಇಷ್ಟು ವರ್ಷದಲ್ಲಿ ಒಂದು ಫಿಲ್ಮೂ ತಪ್ಪು ಕೈ ಸೇರಿಲ್ಲ.

ಆ ಗುರುವಾರ ಅನುಗೊಂಡನಹಳ್ಳಿಯ ಭೀಮರಾಜ್ ಮಾಸ್ಕು, ಟೋಪಿ ಹಾಕಿಕೊಂಡು ಬಂದ. ಟೀವಿಯಲ್ಲಿ ಬರುವ ಕಬಡ್ಡಿ ಲೀಗಿನ ರೈಡರ್ ಅವನು. ಚೀಟಿ ಕೊಡುತ್ತ ದನಿ ತಗ್ಗಿಸಿದ.

"ಸೊಣ್ಣಕ್ಕ, ಎಡಗಾಲ್ ಮಂಡಿ. ನಮ್ ಟೀಮ್ ಡಾಕ್ಟ್ರೇ ಕಳ್ಸಿರೋದು. ಶನಿವಾರ ಮ್ಯಾಚೈತೆ. ಎದುರು ಟೀಮ್ನೋರ್ಗೆ ಗೊತ್ತಾದ್ರೆ ಆ ಕಾಲ್ಗೇ ಗುರಿ ಇಡ್ತಾರೆ, ನನ್ ಕಥೆ ಮುಗೀತು."

"ಆಯ್ತು, ಹೋಗ್ ಕೂತ್ಕೊಳ್ಳಪ್ಪ."

ಬೆಂಚಿನ ಮೇಲೆ ಮುರಳಿ ಇದ್ದ. ತಾಯಿಯ ಕೈ ತೋರಿಸಲು ಬಂದಿದ್ದ. ಫೋನಿನಲ್ಲಿ ಕಬಡ್ಡಿ ಸುದ್ದಿ ಬಿಡುವುದು ಅವನ ಹವ್ಯಾಸ. ಮಾಸ್ಕಿದ್ದರೂ ಭೀಮರಾಜನ ಗುರುತು ಹಿಡಿದಿದ್ದ; ಸೊಣ್ಣಮ್ಮ ಕೂಗುವ ರೀತಿಯೂ ಗೊತ್ತಿದ್ದರಿಂದ, ರೆಕಾರ್ಡಿಂಗ್ ಒತ್ತಿ ಫೋನನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತ.

"ಭೀಮರಾಜ್, ಮ..."

ಹತ್ತೊಂಬತ್ತು ವರ್ಷದ ನಾಲಿಗೆ. ಅರ್ಧಕ್ಕೇ ಕಚ್ಚಿ ಹಿಡಿದರು.

"ಏನಾಂಟಿ, ಮ ಅಂದ್ರೆ? ಮಂಡಿನಾ?" ಅಂದ ಮುರಳಿ.

"ಮಗನೇ ಅಂತ ಕರ್ಯೋಕ್ ಹೋದೆ ಕಣೋ. ನಿಮ್ಮಮ್ಮನ್ ಕೈ ನೋಡ್ಕೊ ಲೇ, ಕಂಡೋರ್ ಮೂಳೆ ನಿಂಗ್ಯಾಕೆ?"

ಇಡೀ ಬೆಂಚು ನಕ್ಕಿತು. ಮುರಳಿ ಫೋನು ಜೇಬಿಗೆ ಇಳಿಸಿದ. ಭೀಮರಾಜ್ ಒಳಗೆ ನಡೆದ.

ಸೊಣ್ಣಮ್ಮ ಎದೆ ಉಬ್ಬಿಸಿ ಮುಂದಿನ ಚೀಟಿ ಎತ್ತಿಕೊಂಡರು. "ದೊಡ್ಡಮುನಿಯಪ್ಪ, ಸೊಂಟ."

ಆ ಮುದುಕ ಏಳಲಿಲ್ಲ. "ಅಲ್ಲ ಕಣಮ್ಮ, ಟೀವೀಲ್ ಬರೋನ್ ಮೂಳೆ ಮಾತ್ರ ಗುಟ್ಟು, ನನ್ ಸೊಂಟ ಊರ್ಗೆಲ್ಲ ಹಂಚೋಕಾ? ಹೋದ್ಸಲ ನಾನ್ ಮನೆ ಸೇರೋಷ್ಟ್ರಲ್ಲಿ ಬೀಗ್ರು ಫೋನ್ ಮಾಡಿ, ಸೊಂಟ ಹೆಂಗೈತೆ ಅಂತವ್ರೆ."

ಮತ್ತೆ ನಗು. ಸೊಣ್ಣಮ್ಮ ಮಾತ್ರ ನಗಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

"ತಪ್ಪಾಯ್ತು ಯಜಮಾನ್ರೇ," ಎಂದು ತಾವೇ ಕೈಹಿಡಿದು ಒಳಗೆ ಬಿಟ್ಟು ಬಂದರು. ಆಮೇಲೆ ಆ ದಿನವೆಲ್ಲ ಒಬ್ಬೊಬ್ಬರ ಹತ್ತಿರವೇ ಹೋಗಿ, ಕಿವಿಯ ಬಳಿ ಬಾಗಿ ಕರೆದರು. ಕಾಲು ಬಿದ್ದುಹೋಯಿತು, ಆದರೆ ಒಂದು ಮೂಳೆಯ ಸುದ್ದಿಯೂ ಬೆಂಚಿನವರ ಕಿವಿಗೆ ಬೀಳಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದುಕೊಂಡರು. ದಪ್ಪ ದಪ್ಪ ಅಂಕಿ, ದೂರಕ್ಕೂ ಕಾಣುವಂಥವು. ಒಂದರಿಂದ ಮೂವತ್ತೊಂದರ ತನಕ ಒಂದೊಂದೇ ಕತ್ತರಿಸಿ, ರಟ್ಟಿಗೆ ಅಂಟಿಸಿ, ನಾಳೆ ಬರುವವರ ಕೈಗೆ ಕೊಟ್ಟು ಅಂಕಿಯನ್ನಷ್ಟೇ ಕೂಗಲೆಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ದೀಪ ಆರಿಸಿದರು.