ಹುತ್ತದ ಪಕ್ಕದ ಮಡಕೆ

ಎಪ್ಪತ್ತರ ದಶಕದ ನಡುವೆ ನಾನು ಮದುವೆಯಾಗಿ ಹಿರಿಯೂರು ಕಡೆಯಿಂದ ಹೊಸದುರ್ಗದ ಕಡೆಯ ಹಳ್ಳಿಗೆ ಬಂದಾಗ, ತವರಿನಿಂದ ಒಂದು ಕೋಳಿಯೂ ನನ್ನ ಜೊತೆ ಬಂತು. ಬೂದು ಬಣ್ಣದ ಹೇಟೆ. ಅವ್ವ ಅದರ ಕಾಲು ಕಟ್ಟಿ ಮಂಕರಿಯಲ್ಲಿ ಕೂರಿಸಿ, "ಇದರ ಸಂತಾನ ಉಳಿಸ್ಕ. ನಿನ್ ಬಾಣಂತನಕ್ಕೆ ಇದರ ಮರಿಗಳೇ ಆಗ್ಬೇಕು" ಎಂದಿದ್ದಳು.

ಅದು ಕಾವು ಕೂತು ಮರಿ ಮಾಡುವ ಹೊತ್ತಿಗೆ ನಾನೂ ತುಂಬಿದ ಬಸುರಿ. ನಮ್ಮ ಮನೆಯವರಿಗೆ ಅದೇ ಒಂದು ಸಂಭ್ರಮ. ಹೊಸದುರ್ಗದಿಂದ ಚೀಲದಲ್ಲಿ ಕೋಳಿ ಫೀಡು ತಂದರು. "ಪ್ಯಾಟೆ ಕೋಳಿ ಇದನ್ನೇ ತಿಂದು ಕುರಿ ಹಂಗ್ ಆಗ್ಯಾವೆ, ನೋಡ್ತಿರು" ಎಂದರು. ಚೀಲವನ್ನು ಅಟ್ಟದ ಕೆಳಗಿನ ಮೂಲೆಯಲ್ಲಿಟ್ಟೆವು. ಆ ವಾರ ಜಡಿಮಳೆ. ಗೋಡೆ ಜಿನುಗಿ ಚೀಲದ ತಳ ನೆನೆದದ್ದು ಯಾರ ಗಮನಕ್ಕೂ ಬರಲಿಲ್ಲ.

ಮೊದಲು ಒಂದು ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸಿತು. ಬೆಳಗಾದರೆ ಅದು ಸತ್ತಿತ್ತು. ಮರುದಿನ ಇನ್ನೊಂದು. ಹೇಟೆ ಸತ್ತ ಮರಿಯನ್ನೂ ಕೊಕ್ಕಿನಿಂದ ಎಬ್ಬಿಸುತ್ತಿತ್ತು. ನಾನು ಚೀಲದೊಳಗೆ ಕೈ ಹಾಕಿದೆ. ಒಳಗೆ ಬಿಸಿ, ಕೈಗೆ ಹಸಿರು ಬೂಷ್ಟು ಹಿಡಿದ ಗಟ್ಟಿ ಉಂಡೆಗಳು. ಅತ್ತೆ ನನ್ನ ಅಂಗೈ ಮೂಸಿ ನೋಡಿ ಮುಖ ಕಿವುಚಿದರು.

"ಇದನ್ನ ತಿಪ್ಪಿಗೂ ಹಾಕ್ಬ್ಯಾಡ್ರಿ, ಕೆದರಿ ತಿಂತಾವೆ. ಗುಂಡಿ ತೋಡಿ ಮುಚ್ರಿ."

ಆವತ್ತಿನಿಂದ ಮಜ್ಜಿಗೆಯಲ್ಲಿ ನೆನೆಸಿದ ನವಣೆ ನುಚ್ಚು, ಸಣ್ಣಗೆ ಕೊಚ್ಚಿದ ನುಗ್ಗೆ ಸೊಪ್ಪು. ಹೇಟೆ ತಿಂದಿತು, ಮರಿಗಳು ಒಂದೆರಡು ಸಲ ಕುಕ್ಕಿ ಸುಮ್ಮನಾದವು. "ಮರಿಗೆ ಹುಳ ಬೇಕು ಕಣವ್ವ, ಹುಳ" ಎಂದರು ಅತ್ತೆ. ನನಗೆ ಥಟ್ಟನೆ ತವರಿನ ಗೆದ್ದಲು ಮಡಕೆ ನೆನಪಾಯಿತು. ಹಳೆ ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಎದ್ದ ಕಡೆ ಬೋರಲು ಹಾಕಿದರೆ ಬೆಳಗ್ಗೆ ಮಡಕೆ ತುಂಬ ಗೆದ್ದಲು. ಸಂಜೆಯೇ ಹಿತ್ತಲ ಆಚೆ ಒಂದು ಹುತ್ತದ ಬುಡದಲ್ಲಿ ಹಾಕಿ ಬಂದೆ.

ಬೆಳಗ್ಗೆ ಹೇಳಿದಾಗ ಅತ್ತೆಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

"ಎಲ್ಲಿಟ್ಟೀಯೇ?"

"ಹಿತ್ಲಾಚೆ ಹುತ್ತದ ತಾವ."

"ಅಯ್ಯೋ ನನ್ನವ್ವ! ಅದು ನಾವು ಹಾಲೆರೆಯೋ ಹುತ್ತ ಕಣೇ. ಹೊಟ್ಯಾಗೆ ಕೂಸು ಇಟ್ಕಂಡು ಅಲ್ಲಿಗ್ಯಾಕೆ ಹೋದೆ?"

ಮಳೆಗೆ ಅರಿಶಿನ, ಕುಂಕುಮ ಎಲ್ಲ ತೊಳೆದುಹೋಗಿತ್ತು. ನನಗೆ ಕಂಡದ್ದು ಬರೀ ಮಣ್ಣಿನ ಗುಡ್ಡೆ.

ನಮ್ಮ ಮನೆಯವರೂ ಕೋಲು ಹಿಡಿದು ಬಂದರು; ಮೂವರೂ ಹೋಗಿ ದೂರದಲ್ಲಿ ನಿಂತೆವು. ಮಡಕೆ ನಾನು ಇಟ್ಟಂತೆಯೇ ಇತ್ತು. ನೆಲ ಏರುಪೇರಾಗಿದ್ದರಿಂದ ಒಂದು ಪಕ್ಕ ಸಂದು ಉಳಿದಿತ್ತು. ಆ ಸಂದಿನೊಳಗೆ ಹುಲ್ಲು ಅಲುಗಿತು. ನಮ್ಮ ಮನೆಯವರು ಕೋಲು ಎತ್ತಿದರು.

"ಕೋಲು ಕೆಳಗಿಡೋ! ಬಸುರಿ ಹೆಂಡ್ತಿ ಗಂಡ ನೀನು, ಹಾವಿನ ಮ್ಯಾಲೆ ಕೋಲು ಎತ್ತಂಗಿಲ್ಲ."

"ಹಂಗಾದ್ರೆ ಏನ್ ಮಾಡಾಣ ಅವ್ವ? ಇಲ್ಲೇ ಕುಂತ್ಕಳಾಣೇನು?"

ಹಿಂದಿನಿಂದ ಮಂಕರಿಯೊಳಗಿನ ಮರಿಗಳ ದನಿ ಕೇಳುತ್ತಿತ್ತು, ನಿನ್ನೆಗಿಂತ ಸಣ್ಣಗೆ. ನನಗೆ ತಡೆಯಲಾಗಲಿಲ್ಲ. "ಅತ್ತೆ, ಇವತ್ತು ತಿನ್ನಲಿಲ್ಲ ಅಂದ್ರೆ ಅವು ಉಳಿಯಾಕಿಲ್ಲ" ಎಂದೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಹುತ್ತಕ್ಕೆ ಕೈ ಮುಗಿದರು, ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಮಗನ ಕೈಯಿಂದ ಅದೇ ಕೋಲು ಕಸಿದುಕೊಂಡು ಹೋಗಿ ಮಡಕೆಯ ಅಂಚಿಗೆ ಕೊಟ್ಟು ಮೀಟಿದರು. ನಾನು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡೆ. ಮಡಕೆ ಮಗುಚಿತು.

ಗಂಟು ಮೈಯ ದೊಡ್ಡ ಕಪ್ಪೆಯೊಂದು ಕೂತಿತ್ತು. ಬಾಯಿ ತುಂಬ ನಮ್ಮ ಗೆದ್ದಲು. ಎದ್ದು ಹೋಗುವ ಯೋಚನೆಯೇ ಅದಕ್ಕಿರಲಿಲ್ಲ.

ಅತ್ತೆ ಅದನ್ನೇ ನೋಡುತ್ತ ನಿಂತರು. ಉಸಿರು ಬಿಟ್ಟು ಅಂದರು: "ಕಪ್ಪೆ ಇಷ್ಟು ನಿಸೂರಾಗಿ ಕುಂತೈತೆ ಅಂದ್ರೆ ಹುತ್ತದಾಗಿನ ಅಪ್ಪ ಇಲ್ಲಿಲ್ಲ, ಬ್ಯಾರೆ ಕಡೆ ಹೋಗ್ಯಾನೆ. ಅವನು ಬರೋದ್ರೊಳಗೆ ತುಂಬ್ಕಂಡು ನಡಿ. ನಾಳೆಯಿಂದ ಹೊಲದ ಬದಿನಾಗೆ ಇಡು."

ಅಂಗಳದಲ್ಲಿ ಮಡಕೆ ಕೊಡವಿದ್ದೇ ತಡ, ಹೇಟೆ ಕೊಕ್ಕೊಕ್ಕ ಎಂದು ಕರೆಯಿತು. ಮರಿಗಳು ತಡವರಿಸುತ್ತ ಬಂದು ಕುಕ್ಕತೊಡಗಿದವು. ಒಂದು ಮಾತ್ರ ಏಳಲಿಲ್ಲ. ಅತ್ತೆ ಅದನ್ನು ಮಡಿಲಿಗೆ ಹಾಕಿಕೊಂಡು, ಉಗುರಿನಿಂದ ಕೊಕ್ಕು ಬಿಡಿಸಿ ಒಂದು ಗೆದ್ದಲು ಇಟ್ಟರು. ಗಂಟಲು ಅಲುಗಲಿಲ್ಲ. ನಾನು ನೋಡುತ್ತಲೇ ಇದ್ದೆ. ಕೊನೆಗೆ ಮರಿ ನುಂಗಿ, ಒಂದು ಕಣ್ಣು ಬಿಟ್ಟಿತು.

ಅತ್ತೆ ತಲೆ ಎತ್ತದೆ ಕೈ ಚಾಚಿದರು: "ಇನ್ನೊಂದು ಕೊಡು."