ಬನ್ನಿ ಕೊಟ್ಟರೆ ಮುಗಿಯಿತೇ?

ನವರಾತ್ರಿಯ ಘಟ್ಟ ಹಾಕುವ ದಿನಕ್ಕೆ ಇನ್ನೆರಡೇ ದಿನ ಇತ್ತು. ಹಿತ್ತಲಲ್ಲಿ ಕುಳಿತು ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಆಗಲೇ ಫೋನ್ ಬಂತು. ಕೈಯೆಲ್ಲ ಹುಳಿ. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. (ಹಾಗಾಗಿ ಮನೆಮಂದಿಗೆಲ್ಲ ಕೇಳಿಸಿತು. ಅದೂ ಒಳ್ಳೆಯದೇ ಆಯಿತು ಅನ್ನಿ.)

ಮಗಳ ಕ್ಲಾಸಿನ ಶಮೀಮ್ ಟೀಚರ್. "ಅಕ್ಕಾರ, ನಿರ್ಮಲಾ ನಾಕ ದಿನದಿಂದ ಸಾಲಿಗೆ ಬಂದಿಲ್ರಿ. ನಿಮ್ಮ ಸೃಷ್ಟಿ ಹುಡುಗ್ಯಾರ ಗ್ರೂಪಿನ್ಯಾಗ ಏನೋ ಹಾಕ್ಯಾಳ. ಒಮ್ಮೆ ಕೇಳಿ ನೋಡ್ರಿ."

ಗ್ರೂಪು ಇರುವುದು ನನ್ನ ಫೋನಿನಲ್ಲಿಯೇ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೇರೆ ಫೋನ್ ಯಾಕೆ ಅಂತ ಕೊಡಿಸಿಲ್ಲ. ಹೋಮ್‌ವರ್ಕ್ ನೋಡಲು ನನ್ನದನ್ನೇ ತೆಗೆದುಕೊಳ್ಳುತ್ತಾಳೆ. ನಾನು ಒಂದು ದಿನವೂ ಆ ಗ್ರೂಪ್ ತೆರೆದು ನೋಡಿದವಳಲ್ಲ.

ಕೈ ತೊಳೆದುಕೊಂಡು, ಗ್ರೂಪ್ ತೆರೆದು ಕೇಳಿದೆ.

ನಿರ್ಮಲಾ ಮಲ್ಲಸಮುದ್ರದ ಹುಡುಗಿ. ಬಸ್ಸಿನಲ್ಲಿ ಬರುತ್ತಾಳೆ. ದನಿ ಸ್ವಲ್ಪ ದಪ್ಪ. ಆದರೆ ಎಷ್ಟು ಸ್ಪಷ್ಟ ಅಂದರೆ, ಕೊನೆಯ ಬೆಂಚಿಗೂ ಮುಟ್ಟುತ್ತದೆ ಅಂತ ಟೀಚರ್ ಪಾಠ ಓದಿಸುವುದೇ ಅವಳಿಂದ. ಜ್ವರ ಬಂದು ಶಾಲೆ ತಪ್ಪಿಸಿದ ಯಾರಿಗೋ ಸಹಾಯವಾಗಲಿ ಅಂತ ಪಾಪ, ಪ್ರಶ್ನೋತ್ತರ ಓದಿ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ನನ್ನ ಮಗಳು ಅದರ ಹಿಂದೆ ವಿಲನ್ ನಗು ಜೋಡಿಸಿ, 'ಅಂಕಲ್ ನ್ಯೂಸ್' ಅಂತ ಹೆಸರಿಟ್ಟು ವಾಪಸ್ ಹಾಕಿದ್ದಾಳೆ. ಕೆಳಗೆ ನಗುವ ಮುಖಗಳ ಸಾಲೇ ಸಾಲು. 'ಗುಡ್ ನೈಟ್ ಅಂಕಲ್.' 'ಅಂಕಲ್, ಶೇವಿಂಗ್ ಮಾಡಿದಿರೇನ್ರಿ?'

ಹೋಗಿದ್ದು ನನ್ನ ನಂಬರಿನಿಂದ. ಪಕ್ಕದಲ್ಲಿ ನನ್ನ ಡಿಪಿ. ಡಿಪಿಯಲ್ಲಿ ದೇವಿಯ ಫೋಟೋ.

"ಹುಡುಗ್ಯಾರ ಚ್ಯಾಷ್ಟಿಗೂ ಟೀಚರು ಫೋನ್ ಮಾಡೂದ ಆತಲ್ಲ," ಅಂದರು ಅತ್ತೆ ಕಟ್ಟೆಯ ಮೇಲೆ ಕುಳಿತು. "ನಮ್ಮ ಕಾಲದಾಗ ಹೆಸರ ಇಡಿಸಿಕೊಳ್ಳದಾಕಿ ಯಾರಿದ್ದಳು?"

ಸೃಷ್ಟಿಯನ್ನು ಕರೆದು ಕೇಳಿದೆ. "ಮಮ್ಮಿ, ಜಸ್ಟ್ ಜೋಕ್ ಅದು. ಅಂಕಲ್ ಅಂದ್ರ ಮದಲ ಅಕಿನೂ ನಗತಿದ್ದಳು."

"ಈಗ?"

"ಈಗ... ಗ್ರೂಪ್ ಬಿಟ್ಟಾಳ."

ಬೈಯಬೇಕು ಅಂತ ಬಾಯಿ ತೆರೆದೆ. ಬೈಯದೆ ಫೋನ್ ಕೆಳಗಿಟ್ಟೆ. ಯಾಕೆ ಗೊತ್ತೇ? ನನಗೆ ಕಮಲಿ ನೆನಪಾದಳು.

ನನ್ನ ತವರುಮನೆ ಬೆಟಗೇರಿ. ಆಗ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಬೆಳಗಾಗುವುದೇ ಅದರ ಲಟಕ್ ಪಟಕ್ ಸದ್ದಿಗೆ. ಬೀದಿಯುದ್ದಕ್ಕೂ ಬಿದಿರಿನ ಗಳಕ್ಕೆ ಬಣ್ಣದ ನೂಲಿನ ಲಡಿ ನೇತುಬಿದ್ದಿರುತ್ತಿತ್ತು. ಅದರ ಕೆಳಗೆ ತಲೆ ಬಗ್ಗಿಸಿಕೊಂಡು ಶಾಲೆಗೆ ಓಡಬೇಕು. ಹಸಿ ಇದ್ದರೆ ರಿಬ್ಬನ್ನಿನ ಮೇಲೆ ಒಂದು ಹನಿ ಬಿತ್ತೆಂದೇ ಲೆಕ್ಕ. ಆ ಹಸಿ ನೂಲಿನ ವಾಸನೆ ಈಗಲೂ ಮೂಗಿನಲ್ಲಿದೆ.

ಕಮಲಿಯ ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಬೆಳಿಗ್ಗೆ ಅವನಿಗೆ ಕೈಜೋಡಿಸಿಯೇ ಅವಳು ಶಾಲೆಗೆ ಬರುವುದು. ಸೋಮವಾರ ಅಂಗೈ ಹಸಿರು, ಗುರುವಾರ ಕೆಂಪು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದೇ ಉಳಿಯುತ್ತಿತ್ತು. ಅವಳಿಗೆ 'ಓತಿಕ್ಯಾತ' ಅಂತ ಹೆಸರಿಟ್ಟವರು ಯಾರು? ಬೇರೆ ಯಾರೂ ಅಲ್ಲ, ಈ ಅಂಕಣ ಬರೆಯುತ್ತಿರುವವಳೇ.

"ಇವತ್ತ ಯಾವ ಬಣ್ಣಲೇ, ಓತಿಕ್ಯಾತ?" ಅನ್ನುತ್ತಿದ್ದೆ. ಕ್ಲಾಸು ನಗುತ್ತಿತ್ತು. ಕಮಲಿಯೂ ನಗುತ್ತಿದ್ದಳು.

ದಸರಾ ಬಂದರೆ ಮಗ್ಗಗಳಿಗೆ ಪೂಜೆ. ಓಣಿಯೆಲ್ಲ ಗಪ್‌ಚುಪ್. ಸಂಜೆ ಹೊಸ ಪರಕಾರ ಪೋಲಕಾ ಹಾಕಿಕೊಂಡು, ತಾಟಿನಲ್ಲಿ ಬನ್ನಿ ಎಲೆ ಇಟ್ಟುಕೊಂಡು ಮನೆಮನೆ ತಿರುಗುತ್ತಿದ್ದೆವು. ಹಿರಿಯರ ಕಾಲಿಗೆ ಬೀಳುವುದು, ಅವರು ಕೈಗೆ ಸಕ್ಕರೆ ಹಾಕುವುದು. ವರ್ಷವಿಡೀ ಮುಖ ನೋಡದವರೂ ಅವತ್ತು ಹೊಸ್ತಿಲು ದಾಟಿ ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದರೆ ಮುಗಿಯಿತು. ಯಾರದು ತಪ್ಪು, ಏನು ತಪ್ಪು ಅಂತ ಕೇಳುವ ಹಾಗಿಲ್ಲ. ಎಂಥಾ ಚೆಂದದ ಪದ್ಧತಿ ಅಂತ ಈಗಲೂ ಕಣ್ಣು ತುಂಬುತ್ತದೆ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಮಲಿ ನಮ್ಮ ಮನೆಗೂ ಬಂದಳು. ಕೈ ಚಾಚಿದಳು. ಅಂಗೈ ನೀಲಿ ಇತ್ತು.

"ಏ, ಮುಟ್ಟಬ್ಯಾಡ, ಹೊಸಾ ಪೋಲಕಾಕ್ಕ ಬಣ್ಣ ಹತ್ತತೈತಿ," ಅಂದೆ. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು.

ಅವತ್ತು ಅವಳು ನಗಲಿಲ್ಲ. ಬನ್ನಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ರಜೆ ಮುಗಿದ ಮೇಲೆ ಶಾಲೆಗೂ ಬರಲಿಲ್ಲ. "ಮನ್ಯಾಗ ಕೆಲಸ ಭಾಳ, ಬಿಡಿಸ್ಯಾರ" ಅಂದರು. ನಾನು ನಂಬಿದೆ. ನಂಬುವುದು ಹಗುರ ನೋಡಿ.

ಐದಾರು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ್ದಳು. ಮುಂಡರಗಿಗೆ ಕೊಟ್ಟಿದ್ದಾರೆ. ಅಲ್ಲಿ ಬಣ್ಣವಿಲ್ಲ, ಮಗ್ಗವಿಲ್ಲ, ಕಿರಾಣಿ ಅಂಗಡಿ ಇದೆ. ಮೈಮೇಲೆ ಒಳ್ಳೆಯ ಸೀರೆ, ಮುಖದಲ್ಲಿ ಒಳ್ಳೆಯ ಕಳೆ. ಆದರೆ ಮಾತಾಡುವಷ್ಟು ಹೊತ್ತೂ ಎರಡೂ ಕೈ ಸೆರಗಿನೊಳಗೆ. "ಯಾಕ ಕಮಲಿ, ಚಳಿ ಏನ?" ಅಂದೆ.

"ಇಲ್ಲವಾ. ರೂಢಿ ಆಗೈತಿ."

ಊಟಕ್ಕೆ ಕುಳಿತಾಗ ನೋಡಿದೆ. ಕೈ ಸ್ವಚ್ಛ ಇದ್ದವು. ಬಣ್ಣ ಹೋಗಿ ಅದೆಷ್ಟೋ ವರ್ಷ ಆಗಿತ್ತು.

ಇಷ್ಟೆಲ್ಲ ಗೊತ್ತಿದ್ದವಳು ನಾನೇನು ಮಾಡಬೇಕಿತ್ತು? ಅವತ್ತೇ ಮಗಳ ಕೈ ಹಿಡಿದು ಮಲ್ಲಸಮುದ್ರದ ಬಸ್ ಹತ್ತಬೇಕಿತ್ತು. ನಾನು ಹತ್ತಲಿಲ್ಲ. ಹೇಗೂ ದಸರಾ ಬಂತಲ್ಲ, ಬನ್ನಿ ಕೊಟ್ಟು ಬಂದರಾಯಿತು ಅಂದುಕೊಂಡೆ. ಒಂಬತ್ತು ಸಂಜೆ ಗುಡಿಗೆ ಹೋಗಿ ಕೈಮುಗಿದು ಪುರಾಣ ಕೇಳಿದೆ. ಆ ಹುಡುಗಿ ಅಷ್ಟೂ ದಿನ ಮನೆಯೊಳಗೇ ಇದ್ದಳು. ನಾನು ಹಬ್ಬದ ದಾರಿ ಕಾಯುತ್ತಿದ್ದೆ.

ದಸರಾ ಸಂಜೆ ಹೋದೆವು. ನಿರ್ಮಲಾಳ ಅವ್ವ ದೊಡ್ಡ ಮನಸ್ಸಿನಾಕೆ. "ಬರ್ರಿ ಅಕ್ಕಾರ, ಕುಂಡ್ರಿ" ಅಂತ ಚಾಪೆ ಹಾಸಿ ಚೂಡಾ ಕೊಟ್ಟಳು. "ಯಾರ ಬಂದ್ರೂ ಮಾತಾಡೂದಿಲ್ರಿ ಇತ್ತಿತ್ಲಾಗ. ಸಾಲೀ ಬ್ಯಾಡ ಅಂತಾಳ," ಅಂದಳು ಮೆಲ್ಲಗೆ.

ಸೃಷ್ಟಿ ಬನ್ನಿ ಕೊಟ್ಟು, "ಬಂಗಾರದಂಗ ಇರೋಣ" ಅಂದಳು. ನಿರ್ಮಲಾ ಬನ್ನಿ ತೆಗೆದುಕೊಂಡಳು. ತಿರುಗಿ ಏನೂ ಅನ್ನಲಿಲ್ಲ, ತಲೆ ಆಡಿಸಿದಳು ಅಷ್ಟೆ. ನನಗೋ ಖುಷಿ. ಮುಗಿಯಿತಲ್ಲ! ಇಬ್ಬರದೂ ಒಂದು ಫೋಟೋ ಇರಲಿ, ಸ್ಟೇಟಸ್ಸಿಗೆ ಹಾಕೋಣ ಅಂತ ಫೋನ್ ಎತ್ತಿದೆ.

ಆಗ ನಿರ್ಮಲಾ ಬಾಯಿ ಬಿಟ್ಟಳು. "ನಾ ಮಾತಾಡಿದ್ರ ಮತ್ತ ರೆಕಾರ್ಡ್ ಮಾಡ್ತೀರೇನ್ರಿ?"

ಫೋನ್ ಪರ್ಸಿನೊಳಗೆ ಹಾಕಿದೆ.

ಸೃಷ್ಟಿ ಅಲ್ಲಿಯೇ ಅಳಲು ಶುರುಮಾಡಿದಳು. "ಇಲ್ಲ ನಿರ್ಮಲಾ. ನಂದ ತಪ್ಪು. ಅಂಕಲ್ ಅಂತ ಮದಲ ಅಂದಾಕಿನೂ ನಾನ. ಗ್ರೂಪಿನ್ಯಾಗ ಎಲ್ಲಾರಿಗೂ ಹೇಳ್ತೀನಿ." ಹೇಳಿದಳು ಕೂಡ, ಅವತ್ತೇ, ತನ್ನ ದನಿಯಲ್ಲಿ, ನನ್ನ ನಂಬರಿನಿಂದ. ಅದಕ್ಕೆ ಬಂದ ಉತ್ತರ ಎರಡು ಹೆಬ್ಬೆರಳು. ಅಷ್ಟೊಂದು ನಗುವ ಮುಖಗಳು ಎಲ್ಲಿಗೆ ಹೋದವೋ.

ರಜೆ ಮುಗಿದು ನಿನ್ನೆ ಶಾಲೆ ಶುರುವಾಯಿತು. ಸಂಜೆ ಸೃಷ್ಟಿ ಬಾಗಿಲಿಗೆ ಬರುವುದನ್ನೇ ಕಾಯುತ್ತಿದ್ದೆ.

"ಬಂದಿದ್ದಳೇನ?"

"ಬಂದಿದ್ದಳು. ಹಾಜರಿ ಕರೆದಾಗ ಎಸ್ ಮಿಸ್ ಅನ್ಲಿಲ್ಲ, ಕೈ ಎತ್ತಿದಳು."

ಬಂದಳಲ್ಲ, ತಾಯೀ, ಅಷ್ಟಾದರೂ ಆಯಿತು ಅಂತ ದೇವರ ಕಡೆ ತಿರುಗಿ ಕೈಮುಗಿದೆ. ಸೃಷ್ಟಿಯ ಮಾತು ಮುಗಿದಿರಲಿಲ್ಲ.

"ಟೀಚರ್ ಪಾಠ ಓದು ಅಂದ್ರು. ಒಲ್ಲೆ ಅಂತ ತಲಿ ಅಲ್ಲಾಡಿಸಿದಳು. ಬ್ಯಾರೇದಾಕಿ ಓದಿದಳು, ಹಿಂದ ಯಾರಿಗೂ ಕೇಳಸಲಿಲ್ಲ. ಮಮ್ಮಿ, ಅಕಿ ಮತ್ತ ಯಾವಾಗ ಓದ್ತಾಳ?"

ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ. ನಾನು ಎದ್ದು ರೊಟ್ಟಿಗೆ ಎಸರಿಡಲು ಒಳಗೆ ಹೋದೆ.